ನಕ್ಕವರ ಮನೆಯ ಮಿಕ್ಸಿ

“ರಾಜಕೀಯದವರು ಇರೋವರೆಗೂ ಈ ಹಾಸ್ಯಕ್ಕೆ ಸಾವಿಲ್ಲ ಬಿಡಿ ಮೇಡಂ” ಎಂದರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಊಟದ ಬಿಡುವಿನಲ್ಲಿ ಅವರ ಮೊಬೈಲಿನಲ್ಲಿ ಜಸ್ಪಾಲ್ ಭಟ್ಟಿಯವರ ‘ಫ್ಲಾಪ್ ಶೋ’ ಓಡುತ್ತಿತ್ತು. 1989ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ, ಇದ್ದದ್ದು 10 ಕಂತು ಅಷ್ಟೆ. ಭಟ್ಟಿಯವರು 2012ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆದರೂ ಮೊಬೈಲಿನ ಸುತ್ತ ನಿಂತವರು, ಧಾರಾವಾಹಿ ಬಂದಾಗ ಹುಟ್ಟದೇ ಇದ್ದವರೂ ಸೇರಿ, ಹೊಟ್ಟೆ ಹಿಡಿದು ನಗುತ್ತಿದ್ದರು. ನಾನೂ ನಕ್ಕೆ. ಆದರೆ ಮೇಷ್ಟ್ರ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಕಡಲೆಸಿಪ್ಪೆಯ ಹಾಗೆ ದಿನವಿಡೀ ಕಾಡಿತು.

ರಾಜಕೀಯದವರಂತೆ! ಆ ಧಾರಾವಾಹಿ ನೋಡಿದವರು ಸ್ವಲ್ಪ ನೆನಪು ಮಾಡಿಕೊಳ್ಳಿ. ವಿದ್ಯಾರ್ಥಿಯ ಕೈಲಿ ಮನೆಚಾಕರಿ ಮಾಡಿಸಿಕೊಳ್ಳುವ ಪಿಎಚ್.ಡಿ. ಮಾರ್ಗದರ್ಶಕ ಇದ್ದ. ಕಂಟ್ರಾಕ್ಟರ್ ಇದ್ದ. ಮೀಟಿಂಗಿನಲ್ಲೇ ಹೊತ್ತು ಕಳೆಯುವ ಕಚೇರಿಯ ಮಂದಿ ಇದ್ದರು. ಸುಳ್ಳು ಮೆಡಿಕಲ್ ಬಿಲ್ಲು ಕೊಟ್ಟು ಸರ್ಕಾರದಿಂದ ದುಡ್ಡು ಎತ್ತುವ ನೌಕರ ಇದ್ದ. ಇವರೆಲ್ಲ ಯಾವ ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವರು? ಇವರು ನಮ್ಮ ಅಕ್ಕಪಕ್ಕದ ಮನೆಯವರು. ನಿಜ ಹೇಳಬೇಕೆಂದರೆ ಪಕ್ಕದ ಮನೆಯವರೆಗೂ ಹೋಗಬೇಕಾಗಿಲ್ಲ.

ಆಗ ನಾನು ಬಿ.ಎ. ಓದುತ್ತಿದ್ದೆ. ಶಟರ್ ಎಳೆದು ಬೀಗ ಹಾಕುವ ಕಪ್ಪು ಬಿಳುಪು ಟಿ.ವಿ. ನಮ್ಮ ನಡುಮನೆಯಲ್ಲಿತ್ತು. ಧಾರಾವಾಹಿಯ ಹೊತ್ತಿಗೆ ಬೀದಿಯ ಅರ್ಧ ಜನ ಚಾಪೆಯ ಮೇಲೆ ಬಂದು ಕೂರುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಉಳಿದವರಿಗೆ ಅರ್ಥವಾಗಲೆಂದು ನಡುನಡುವೆ ಕನ್ನಡದಲ್ಲಿ ಹೇಳಿ, ಎಲ್ಲರಿಗಿಂತ ಮೊದಲು ತಾವೇ ನಕ್ಕುಬಿಡುತ್ತಿದ್ದರು. ಮೆಡಿಕಲ್ ಬಿಲ್ಲಿನ ಕಂತು ಬಂದ ದಿನ ಮಾತ್ರ ಅರ್ಧದಲ್ಲೇ ಎದ್ದರು. “ನೀರು ಕುಡಿದು ಬರ್ತೀನಿ” ಎಂದು ಒಳಗೆ ಹೋದವರು ಹೊರಗೆ ಬಂದದ್ದು ಕೊನೆಯಲ್ಲಿ ಸಿನಿಮಾ ಹಾಡಿನ ಅಣಕು ಶುರುವಾದ ಮೇಲೆ. “ಆಮೇಲೇನಾಯ್ತು ಹೇಳಿ” ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು. ಅಪ್ಪ ಹೇಳಲಿಲ್ಲ.

ಆ ವರ್ಷವೇ ನಮ್ಮ ಮನೆಗೆ ಮಿಕ್ಸಿ ಬಂದಿತ್ತು. “ನಿಮ್ಮಪ್ಪಂದು ಮೆಡಿಕಲ್ ಬಿಲ್ಲು ಪಾಸಾಯ್ತು ಕಣೆ” ಎಂದು ಅಮ್ಮ ಸಡಗರದಿಂದ ಹೇಳಿದ್ದು ನೆನಪಿದೆ. ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ನೆಗಡಿಗಿಂತ ದೊಡ್ಡ ಕಾಯಿಲೆ ಬಂದಿರಲಿಲ್ಲ. ಒರಳುಕಲ್ಲಿನಲ್ಲಿ ರುಬ್ಬಿ ರಟ್ಟೆ ಸೋತಿದ್ದ ಅಮ್ಮನನ್ನು ನಾನು ಹೇಗೆ ದೂರಲಿ? ಚಟ್ನಿ ರುಚಿಯಾಗಿದೆ ಎಂದು ಇನ್ನೊಂದು ಇಡ್ಲಿ ಹಾಕಿಸಿಕೊಂಡವಳು ನಾನೇ.

ಆದ್ದರಿಂದಲೇ ಮೇಷ್ಟ್ರ ಮಾತನ್ನು ಒಪ್ಪಲಾರೆ. ರಾಜಕೀಯದವರ ಮೇಲಿನ ಹಾಸ್ಯ ಬೇಗ ಸಾಯುತ್ತದೆ. ಈಗಿನ ಚಾನೆಲ್ಲುಗಳನ್ನು ನೋಡಿ. ಒಬ್ಬ ನಾಯಕರ ದನಿ, ಇನ್ನೊಬ್ಬರ ತೂಕಡಿಕೆ, ಮತ್ತೊಬ್ಬರ ನಡಿಗೆಯನ್ನು ಅಣಕಿಸಿದರೆ ವಿಡಂಬನೆ ಮುಗಿಯಿತು. ನಡುವೆ ಸೀರೆ ಉಟ್ಟ ಗಂಡಸೊಬ್ಬ ಹೆಂಡತಿಯಾಗಿ ಬಂದು ಏಟು ತಿಂದು ಹೋಗುತ್ತಾನೆ. (ನಮ್ಮನ್ನು ನೋಡಿ ನಗಲು ನಮ್ಮ ಸೀರೆಯೇ ಸಾಕು, ನಾವು ಬೇಡ.) ಆ ನಾಯಕರು ಕುರ್ಚಿ ಬಿಟ್ಟು ಐದು ವರ್ಷವಾದರೆ ಆ ನಗೆ ಯಾರಿಗೂ ಅರ್ಥವಾಗುವುದಿಲ್ಲ. ಬಿಲ್ಲಿನ ಹಾಸ್ಯ ಹಾಗಲ್ಲ. ಬಿಲ್ಲು ಬರೆಯುವವರು ಯಾವ ಚುನಾವಣೆಯಲ್ಲೂ ಸೋಲುವುದಿಲ್ಲವಲ್ಲ.

ಇಂಗ್ಲೆಂಡಿನ ಬಿಬಿಸಿಯಲ್ಲಿ 1980ರಲ್ಲಿ ಶುರುವಾದ ‘ಯೆಸ್ ಮಿನಿಸ್ಟರ್’ ಕೂಡ ಹೀಗೇ ಉಳಿದಿದೆ. ಅದರ ಮಂತ್ರಿ ಯಾವ ಪಕ್ಷದವನೆಂದು ಕೊನೆಯವರೆಗೂ ಹೇಳುವುದಿಲ್ಲ. 1981ರ ಒಂದು ಕಂತಿನಲ್ಲಿ ಹೊಸ ಆಸ್ಪತ್ರೆ ಬರುತ್ತದೆ. ಐನೂರರಷ್ಟು ನೌಕರರಿದ್ದಾರೆ, ರೋಗಿ ಒಬ್ಬನೂ ಇಲ್ಲ. ರೋಗಿಗಳಿಲ್ಲದ್ದರಿಂದ ಅಷ್ಟು ಚೊಕ್ಕಟವಾದ ಆಸ್ಪತ್ರೆ ಬೇರೆ ಇಲ್ಲ! ಅಲ್ಲಿ ಮಂತ್ರಿ ಪೆದ್ದನಿರಬಹುದು, ಆಸ್ಪತ್ರೆ ನಡೆಸುವವರು ಮಾತ್ರ ಸಂಬಳ ತೆಗೆದುಕೊಂಡು ಸಂಜೆ ಮನೆಗೆ ಹೋಗುವ, ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ಮರ್ಯಾದಸ್ಥರು. 2001ರಲ್ಲಿ ಇದನ್ನೇ ಹಿಂದಿಗೆ ಇಳಿಸಿ ‘ಜೀ ಮಂತ್ರೀಜಿ’ ಮಾಡಿದರು. ಫಾರೂಕ್ ಶೇಖ್ ಮಂತ್ರಿಯಾಗಿದ್ದರು. ಅಲ್ಲಿಯ ಫೈಲು ಇಲ್ಲಿಯ ಫೈಲಿನಂತೆಯೇ ಇತ್ತು.

ನಗುವುದರಿಂದ ಏನಾದೀತು ಎಂದು ಕೇಳುವವರಿದ್ದಾರೆ. ಕೇಳಲಿ. ‘ಯೆಸ್ ಮಿನಿಸ್ಟರ್’ ಎಂದರೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಬಲು ಇಷ್ಟ. 1984ರಲ್ಲಿ ಅದರ ನಟರ ಜೊತೆ ಒಂದು ಪುಟ್ಟ ಪ್ರಹಸನದಲ್ಲಿ ತಾವೇ ಅಭಿನಯಿಸಿದ್ದರು. ಆಳುವವರು ಹೀಗೆ ಹಾಯಾಗಿ ನಕ್ಕಮೇಲೆ ಆ ನಗೆಯಿಂದ ಅವರ ಕುರ್ಚಿ ಅಲುಗಾಡೀತೇ? ನನಗೆ ಕುರ್ಚಿಯ ಚಿಂತೆಯಿಲ್ಲ. ಚಾಪೆಯ ಮೇಲಿಂದ ಎದ್ದು ನೀರಿಗೆ ಹೋದರಲ್ಲ ನಮ್ಮಪ್ಪ, ಅದಷ್ಟೇ ನನಗೆ ಮುಖ್ಯ. ಅವರು ಆಮೇಲೆ ಎಂದೂ ಅಂಥ ಬಿಲ್ಲು ಬರೆಯಲಿಲ್ಲ ಎಂದು ಹೇಳಿದರೆ ನಿಮಗೆ ಸಮಾಧಾನವಾಗುತ್ತಿತ್ತು. ಅದು ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಈಗ ಅವರಿಲ್ಲ.

ನಾನೇನು ಕಡಿಮೆಯೇ? ಎರಡು ವರ್ಷದ ಹಿಂದೆ ಮೂರು ದಿನದ ಒಂದು ತರಬೇತಿ ಎರಡನೆಯ ದಿನದ ಊಟಕ್ಕೇ ಮುಗಿಯಿತು. ಹಾಜರಿ ಪುಸ್ತಕ ಸಾಲಿನಲ್ಲಿ ಕೈಯಿಂದ ಕೈಗೆ ಬಂತು. ಮೂರು ದಿನಕ್ಕೂ ಸಹಿ ಹಾಕಿ ಭತ್ಯೆ ತೆಗೆದುಕೊಂಡೆ. ಮಾರನೆಯ ಬೆಳಿಗ್ಗೆ ಏಳನೇ ತರಗತಿಯಲ್ಲಿ ಕಾಪಿ ಹೊಡೆದ ಹುಡುಗನ ಕಿವಿ ಹಿಂಡಿ “ನಾಚಿಕೆಯಾಗಲ್ವೇನೋ” ಎಂದವಳೂ ನಾನೇ. ಭಟ್ಟಿಯವರು ಇದ್ದಿದ್ದರೆ ಹನ್ನೊಂದನೆಯ ಕಂತಿಗೆ ಇದು ಸಾಕಿತ್ತು.

ಮರುದಿನ ಊಟದ ಬಿಡುವಿನಲ್ಲಿ ಮೇಷ್ಟ್ರಿಗೆ ನಾನೇ ಹೇಳಿದೆ: “ಆ ಮೆಡಿಕಲ್ ಬಿಲ್ಲಿನ ಕಂತು ಇದ್ಯಲ್ಲ ಸಾರ್, ಅದನ್ನ ಹಾಕಿ.” ಹಾಕಿದರು. ಎಲ್ಲರೂ ನಕ್ಕರು. ಅರ್ಧದಲ್ಲಿ ಅವರ ಕಡೆ ತಿರುಗಿ ನೋಡಿದೆ. ಅವರು ಬುತ್ತಿ ತೊಳೆಯಲು ಎದ್ದು ನಲ್ಲಿಯ ಕಡೆ ಹೊರಟಿದ್ದರು. ಬುತ್ತಿಯಲ್ಲಿ ಅನ್ನ ಇನ್ನೂ ಅರ್ಧ ಉಳಿದಿತ್ತು.

ಮಿಕ್ಸಿ ಅಮ್ಮನ ಹತ್ತಿರ ಈಗಲೂ ಇದೆ. ಎರಡು ಸಲ ಮೋಟಾರು ಸುತ್ತಿಸಿದ್ದಾಯಿತು. ಮುಚ್ಚಳ ಸಡಿಲವಾಗಿ ಕೈಯಲ್ಲಿ ಒತ್ತಿ ಹಿಡಿಯಬೇಕು. ಕಳೆದ ಯುಗಾದಿಗೆ ಒಬ್ಬಟ್ಟಿನ ಹೂರಣ ಅದರಲ್ಲೇ ರುಬ್ಬಿದ್ದು, ಮುಚ್ಚಳ ಹಿಡಿದುಕೊಂಡವಳು ನಾನು.