ವಿಮಾಪತ್ರದೊಳಗಣ ಅಪವಾದ

ಕಾರು ಕೊಳ್ಳುವವರು ಅದರ ಬಣ್ಣ, ಬೆಲೆ, ಪೆಟ್ರೋಲಿನ ಖರ್ಚು ಇವುಗಳನ್ನು ಕುರಿತು ಹತ್ತು ಕಡೆ ವಿಚಾರಿಸುವರು. ಆದರೆ ಅದರೊಡನೆ ಬರುವ ವಿಮಾಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇರುವರೋ ನಾವರಿಯೆವು. ನಾವೂ ಓದಿದವರಲ್ಲ. ಹೋದ ತಿಂಗಳು ಓದಬೇಕಾಗಿ ಬಂದಿತು. ಬಂದ ಸಂದರ್ಭವನ್ನೂ ಓದಿ ತಿಳಿದುದನ್ನೂ ಇಲ್ಲಿ ನಿವೇದಿಸುವೆವು.

ನಮ್ಮ ಮೊದಲ ವರ್ಷಗಳ ಶಿಷ್ಯರೊಬ್ಬರು, ಈಗ ಐವತ್ತರ ಸಮೀಪದಲ್ಲಿರುವವರು, ಒಂದು ಸಂಜೆ ಕಾಗದದ ಕಟ್ಟನ್ನು ಹಿಡಿದುಕೊಂಡು ಮನೆಗೆ ಬಂದರು. ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ರಜೆಯ ದಿನ ತಂದೆಯ ಕಾರನ್ನು ತೆಗೆದುಕೊಂಡು, ಮಿತ್ರರೊಡನೆ ತಮಿಳುನಾಡಿನ ಒಂದು ರೇಸಿನ ಮೈದಾನಕ್ಕೆ ಹೋಗಿದ್ದನು. ಅಂದು ಅಲ್ಲಿ ಪಂದ್ಯವಿರಲಿಲ್ಲ. ಶುಲ್ಕ ಕೊಟ್ಟವರು ತಮ್ಮ ತಮ್ಮ ಕಾರುಗಳನ್ನು ಬೋಧಕರ ಕಣ್ಣೆದುರಿನಲ್ಲಿ ಓಡಿಸಿ, ವೇಗದಲ್ಲಿ ತಿರುಗಿಸುವ ಮತ್ತು ನಿಲ್ಲಿಸುವ ಕ್ರಮವನ್ನು ಕಲಿಯುವ ಏರ್ಪಾಡಿತ್ತು. ಮಧ್ಯಾಹ್ನ ಒಂದು ತಿರುವಿನಲ್ಲಿ ಕಾರು ಜಾರಿ ತಡೆಗೋಡೆಗೆ ಬಡಿಯಿತು. ದೈವಕೃಪೆಯಿಂದ ಹುಡುಗನಿಗೆ ಏನೂ ಆಗಲಿಲ್ಲ. ಕಾರಿನ ಮುಂಭಾಗ ಮಾತ್ರ ನುಜ್ಜುಗುಜ್ಜಾಯಿತು. ರಿಪೇರಿಯ ಅಂದಾಜು ಎರಡು ಲಕ್ಷ ರೂಪಾಯಿಗಳನ್ನು ಮೀರಿತ್ತು.

"ಮೇಷ್ಟ್ರೇ, ಈ ಕ್ಲೇಮಿನ ಅರ್ಜಿಯನ್ನು ತಾವೇ ಬರೆದುಕೊಡಬೇಕು. ನನಗೆ ಕೈ ಓಡುತ್ತಿಲ್ಲ" ಎಂದರು. ಎಲ್ಲವನ್ನೂ ತುಂಬಿದ್ದರು, ಅಪಘಾತ ನಡೆದ ಸ್ಥಳ ಮತ್ತು ನಡೆದ ಬಗೆ ಎಂಬ ಎರಡು ಅಂಕಣಗಳು ಮಾತ್ರ ಬರಿದಾಗಿದ್ದುವು. "ಅಲ್ಲಿ ಚೆನ್ನೈ ಹೆದ್ದಾರಿ, ನಾಯಿ ಅಡ್ಡ ಬಂತು ಎಂದು ಬರೆದರೆ ಸಾಕಂತೆ" ಎಂದು ತಲೆ ತಗ್ಗಿಸಿ ಹೇಳಿದರು.

"ಮೊದಲು ಪಾಲಿಸಿಯನ್ನು ಇತ್ತ ಕೊಡಪ್ಪ, ಓದಿ ನೋಡೋಣ" ಎಂದು ನಾವು ಕನ್ನಡಕ ಹಾಕಿಕೊಂಡೆವು.

ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ, ಅಪವಾದ ಎಂಬ ಎರಡು ಮಾತುಗಳು ಪರಿಚಿತವಾದುವು. ಉತ್ಸರ್ಗವೆಂದರೆ ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ವಿಧಿ. ಅಪವಾದವೆಂದರೆ ಅದರ ನಡುವೆ ಒಂದು ಸ್ಥಳವನ್ನು ತನಗೆಂದು ಕಾಯ್ದುಕೊಳ್ಳುವ ವಿಶೇಷ ವಿಧಿ. ಎರಡೂ ಒಂದೇ ಕಡೆ ಬಂದರೆ ಗೆಲ್ಲುವುದು ಅಪವಾದ. ವಿಮಾಪತ್ರದ ರಚನೆಯೂ ಹೀಗೆಯೇ ಇರುವುದೆಂದು ನಮಗೆ ಅಂದು ತಿಳಿಯಿತು. ಬೆಂಕಿ, ಕಳವು, ಪ್ರವಾಹ, ಅಪಘಾತ ಇವುಗಳಿಂದಾದ ನಷ್ಟವನ್ನು ಕಟ್ಟಿಕೊಡುವೆವೆಂಬುದು ಉತ್ಸರ್ಗ. 'ಲಿಮಿಟೇಷನ್ಸ್ ಆ್ಯಸ್ ಟು ಯೂಸ್', ಅಂದರೆ ಉಪಯೋಗದ ಮಿತಿಗಳು, ಎಂಬ ಶಿರೋನಾಮೆಯ ಕೆಳಗಿನ ಸಣ್ಣ ಅಕ್ಷರಗಳೇ ಅಪವಾದ.

ಖಾಸಗಿ ಕಾರಿನ ಪತ್ರದಲ್ಲಿ ಆ ಮಿತಿಗಳು ಇವು: ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ಸಂಘಟಿತ ರೇಸು, ರೇಸಿನಲ್ಲಿ ಮುಂದೆ ಓಡಿ ವೇಗವನ್ನು ನಿರ್ಣಯಿಸುವುದು, ವೇಗಪರೀಕ್ಷೆ, ರಿಲಯಬಿಲಿಟಿ ಟ್ರಯಲ್ಸ್ ಎಂಬ ವಾಹನದ ದೃಢತೆಯ ಪರೀಕ್ಷೆ, ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಉಪಯೋಗ. ಇವುಗಳ ಹೊರತು ಬೇರೆ ಯಾವ ಉಪಯೋಗಕ್ಕಾದರೂ ವಿಮೆ ಉಂಟು. 2002ರ ಮೋಟಾರು ದರಪಟ್ಟಿಯಲ್ಲಿ ಕಾಣುವ ಈ ವಾಕ್ಯವು ಇಂದಿಗೂ ನಮ್ಮ ದೇಶದ ಪತ್ರಗಳಲ್ಲಿ ನಡೆದುಬಂದಿರುವುದು.

"ರೇಸಲ್ಲವಲ್ಲ ಮೇಷ್ಟ್ರೇ, ಅದು ಪಾಠ" ಎಂದರು ಶಿಷ್ಯರು. ಮಾತು ನಿಜವೇ. ಪಾಠವೆಂಬ ಶಬ್ದ ಅಪವಾದದ ಪಟ್ಟಿಯಲ್ಲಿಲ್ಲ. ಆದರೆ ರೇಸಿಗೆಂದು ಕಟ್ಟಿದ ಪಥದಲ್ಲಿ, ಒಂದೊಂದು ಸುತ್ತಿಗೂ ಗಡಿಯಾರ ಹಿಡಿದು ಕಾಲವನ್ನು ಬರೆದುಕೊಂಡರೆ, ಅದನ್ನು ವೇಗಪರೀಕ್ಷೆಯೆನ್ನಲು ಕಂಪನಿಯು ಹಿಂದೆಗೆಯುವುದೇ? ಹುಡುಗನ ಕಟ್ಟಿನಲ್ಲಿ ಸುತ್ತುಗಳ ಕಾಲವನ್ನು ಮುದ್ರಿಸಿದ ಹಾಳೆಯೇ ಇತ್ತು. ಅದರ ಜೊತೆಗೆ, ಅಲ್ಲಿ ಆಗುವ ಹಾನಿಗೆಲ್ಲ ತಾನೇ ಹೊಣೆಯೆಂದು ಅವನು ರುಜು ಮಾಡಿಕೊಟ್ಟ ಪತ್ರದ ಪ್ರತಿಯೂ ಇತ್ತು.

ಕಾರಿನ ನಷ್ಟಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ದೇಶದಲ್ಲಿ ಪರರಿಗಾಗುವ ಹಾನಿಗೆ ಮೋಟಾರು ವಿಮೆಯು ಕಡ್ಡಾಯವಾದುದು 1946ರ ಜುಲೈ 1ರಿಂದ. ಈಗ ನಡೆಯುತ್ತಿರುವುದು 1988ರ ಮೋಟಾರು ವಾಹನಗಳ ಕಾಯಿದೆ. ಪರರ ವಿಷಯದಲ್ಲಿ ಕಂಪನಿಯು ಸುಲಭವಾಗಿ ನುಣುಚಿಕೊಳ್ಳದಂತೆ ಕಾಯಿದೆ ಕಟ್ಟುಮಾಡಿರುವುದು. ಆದರೂ ಸಂಘಟಿತ ರೇಸು ಮತ್ತು ವೇಗಪರೀಕ್ಷೆಯನ್ನು ನಿಷೇಧಿಸಿದ ಕರಾರನ್ನು ಮುರಿದುದಾದರೆ, ಅದನ್ನೇ ತನ್ನ ಪ್ರತಿವಾದವಾಗಿ ಮುಂದಿಡಲು ಅದೇ ಕಾಯಿದೆ ಕಂಪನಿಗೆ ಅವಕಾಶ ಕೊಟ್ಟಿರುವುದು. ಅಂದು ಗೋಡೆಯ ಸ್ಥಾನದಲ್ಲಿ ಒಬ್ಬ ಮನುಷ್ಯನು ನಿಂತಿದ್ದರೆ, ಪರಿಹಾರದ ಭಾರವು ಕಾರಿನ ಯಜಮಾನನಾದ ತಂದೆಯ ಮನೆಮಠಗಳ ಮೇಲೆ ಬೀಳಬಹುದಾಗಿತ್ತು.

ಇದನ್ನೆಲ್ಲ ವಿವರಿಸಿ, "ನಾಯಿಯನ್ನು ನಾವು ಬರೆಯಲಾರೆವಪ್ಪ" ಎಂದೆವು. ವಿಮೆಯೆಂಬುದು ಪರಮವಿಶ್ವಾಸದ ಒಪ್ಪಂದವೆಂದು ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡರು 1766ರಲ್ಲಿಯೇ ತೀರ್ಮಾನಿಸಿದರು. ಸುಳ್ಳು ಬರೆದುದು ಬಯಲಾದರೆ ಹಣವೂ ಇಲ್ಲ, ವಂಚನೆಯ ಮೊಕದ್ದಮೆ ಬೇರೆ. ಬಯಲಾಗದಿದ್ದರೋ, ಇಪ್ಪತ್ತಮೂರು ವರ್ಷದ ಮಗನು ಜನ್ಮವೆಲ್ಲ ಅದನ್ನು ತಂದೆಯಿಂದ ಕಲಿತ ಪಾಠವೆಂದು ನೆನೆಯುವನು. ಶಿಷ್ಯರು ಬಹಳ ಹೊತ್ತು ಮಾತಾಡದೆ ಕುಳಿತಿದ್ದರು. ಎರಡು ಲಕ್ಷವೆಂದರೆ ಅವರಿಗೆ ಸಣ್ಣ ಮೊತ್ತವಲ್ಲ. ಕೊನೆಗೆ ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದರು. ಮಗನು ತಿಂಗಳ ಸಂಬಳದಲ್ಲಿ ಇಷ್ಟಿಷ್ಟೆಂದು ರಿಪೇರಿಯ ಸಾಲವನ್ನು ತೀರಿಸುತ್ತಿರುವನೆಂದು ಆಮೇಲೆ ತಿಳಿಯಿತು.

ವೇಗದ ಚಾಲನೆಯನ್ನು ಕಲಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಊರ ರಸ್ತೆಯಲ್ಲಿ ಹುಚ್ಚಾಟವಾಡುವುದಕ್ಕಿಂತ ಗೋಡೆ ಕಟ್ಟಿದ ಪಥದಲ್ಲಿ ಬೋಧಕರೆದುರು ಕಲಿಯುವುದು ಎಷ್ಟೋ ಮೇಲು. ಶ್ರೀರಾಮಾನುಜರ ಜನ್ಮಸ್ಥಳವಾದ ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿಯೂ ಕೊಯಮತ್ತೂರಿನ ಬಳಿಯಲ್ಲಿಯೂ ಇಂಥ ಪಥಗಳಿರುವುವು. ಆದರೆ ಹೊರಡುವುದಕ್ಕೆ ಮೊದಲು, ಏರ್ಪಾಡಿನ ವಿವರವನ್ನೆಲ್ಲ ತಿಳಿಸಿ ವಿಮಾ ಕಂಪನಿಗೆ ಕಾಗದ ಬರೆಯಿರಿ. ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು. ರ‍್ಯಾಲಿಗಳಿಗೆ ಹೆಚ್ಚಿನ ಕಂತು ತೆತ್ತು ಅನುಬಂಧವೊಂದನ್ನು ಸೇರಿಸಿಕೊಳ್ಳುವ ಮಾರ್ಗವುಂಟು. ಆದರೆ ರೇಸನ್ನೂ ವೇಗಪರೀಕ್ಷೆಯನ್ನೂ ಆ ಅನುಬಂಧವು ಸಹ ಒಳಗೊಳ್ಳದು. ಅಮೆರಿಕದಲ್ಲಿ ಮಕ್ಕಳಿರುವವರು ತಿಳಿಸಬಹುದಾದ ಮಾತೊಂದು: ಅಲ್ಲಿ ಇಂಥ ತರಬೇತಿಯ ದಿನಗಳಿಗೆಂದೇ ಪ್ರತ್ಯೇಕ ವಿಮೆಯು ದೊರೆಯುವುದು.

ಸಾಧಾರಣ ಚಾಲನೆ ಕಲಿಯುವವರು ಇದನ್ನೋದಿ ಹೆದರಬೇಕಾಗಿಲ್ಲ. ಮಗಳೋ ಸೊಸೆಯೋ ಕಲಿಯುವವರ ಲೈಸೆನ್ಸು ಪಡೆದು, ಪೂರ್ಣ ಲೈಸೆನ್ಸುಳ್ಳವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆಯೂ ಮುಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರವನ್ನು ತೋರಿಸಿ ಮನೆಯ ಕಾರನ್ನು ಓಡಿಸಿದರೆ, ಅದು ಕರಾರಿಗೆ ಒಳಪಟ್ಟುದೇ. ಈ ಮೂರರಲ್ಲಿ ಒಂದು ತಪ್ಪಿದರೂ ತಕರಾರಿಗೆ ಎಡೆಯಾಗುವುದು. ಹಣ ಪಡೆದು ಕಲಿಸುವ ಶಾಲೆಗೆ ಸೇರುವವರು, ಆ ಶಾಲೆಯ ಕಾರಿನ ವಿಮಾಪತ್ರದಲ್ಲಿ ಚಾಲನಾಶಿಕ್ಷಣದ ಉಪಯೋಗ ಸೇರಿದೆಯೇ ಎಂದು ಕೇಳಿ ನೋಡಲು ಸಂಕೋಚಪಡಬಾರದು.

ಈ ಭಾನುವಾರ ಊಟವಾದ ಮೇಲೆ ಮನೆಯ ವಿಮಾಪತ್ರವನ್ನು ಪೆಟ್ಟಿಗೆಯಿಂದ ತೆಗೆಯಿರಿ. ಉಪಯೋಗದ ಮಿತಿಗಳೆಂಬ ಆ ಏಳೆಂಟು ಸಾಲುಗಳನ್ನು, ಕಾರಿನ ಬೀಗದಕೈ ಹಿಡಿಯುವ ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿರಿ.