ಲೆಕ್ಕ ಒಪ್ಪಿಸಬೇಕಾದುದು ಯಾರಿಗೆ?

ನಮ್ಮ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳೂ ಧರ್ಮಕೇಂದ್ರಗಳ ಸೇವಾಸಂಘಗಳೂ ಪ್ರತಿವರ್ಷ ವರದಿ ಸಿದ್ಧಪಡಿಸುತ್ತವೆ. ಇಷ್ಟು ಹೊಲಿಗೆ ಯಂತ್ರಗಳನ್ನು ವಿತರಿಸಲಾಯಿತು, ಇಷ್ಟು ಸ್ವಸಹಾಯ ಸಂಘಗಳು ಆರಂಭಗೊಂಡವು, ಫಲಾನುಭವಿಗಳು ಇಷ್ಟು ಮಂದಿ. ಬಹುಮಟ್ಟಿಗೆ ಆಂಗ್ಲಭಾಷೆಯಲ್ಲಿರುವ ಈ ವರದಿ ದಾನಿಗಳನ್ನೂ ಮೇಲಿನವರನ್ನೂ ತಲುಪುತ್ತದೆ. ಹೊಲಿಗೆ ಯಂತ್ರ ಪಡೆದ ಮಹಿಳೆಗೆ ಅದನ್ನು ಓದಿ ಹೇಳಿದವರು ವಿರಳ. ಆ ಯಂತ್ರ ಇಂದಿಗೂ ಆಕೆಯ ಮನೆಯಲ್ಲಿದೆಯೇ, ಗಿರವಿ ಅಂಗಡಿ ಸೇರಿದೆಯೇ ಎಂದು ಕೇಳುವವರೂ ಇಲ್ಲ.

ಒಡಿಶಾದ ಹಳ್ಳಿಗಳಲ್ಲಿ ಹೊಗೆ ಕಡಿಮೆ ಮಾಡುವ ಸುಧಾರಿತ ಒಲೆಗಳನ್ನು ಮನೆಮನೆಗೆ ಒದಗಿಸಿ, ಎಸ್ತೇರ್ ದುಫ್ಲೋ ಮತ್ತಿತರ ಅರ್ಥಶಾಸ್ತ್ರಜ್ಞರು ನಾಲ್ಕು ವರ್ಷ ಆ ಕುಟುಂಬಗಳನ್ನು ಗಮನಿಸಿದರು. ಮೊದಲ ವರ್ಷ ಅಡುಗೆ ಮಾಡುವವರ ಶ್ವಾಸಕ್ಕೆ ಸೇರುವ ಹೊಗೆ ತಗ್ಗಿತ್ತು. ಅನಂತರ ಒಲೆಗಳ ದುರಸ್ತಿ ನಡೆಯಲಿಲ್ಲ, ಬಳಕೆ ಕುಗ್ಗಿತು, ಪ್ರಯೋಜನವೂ ಮರೆಯಾಯಿತು. ಒಲೆ ಹಂಚಿದ ದಿನವೇ ಲೆಕ್ಕ ಮುಗಿಸಿದ್ದರೆ ಅದು ಪೂರ್ಣ ಯಶಸ್ಸೆಂದೇ ದಾಖಲಾಗುತ್ತಿತ್ತು. ಸಾಧನವನ್ನೇ ಗುರಿಯೆಂದು ಭ್ರಮಿಸಬಾರದೆಂಬುದು ತತ್ತ್ವಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅದನ್ನು ಕಲಿತ ಧರ್ಮಗುರುಗಳಾದ ನಾವೇ ವರದಿ ಬರೆಯುವಾಗ ಅದನ್ನು ಮರೆಯುತ್ತೇವೆ!

ನಾಲ್ಕು ವರ್ಷ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿ ನಮ್ಮ ಚಿಕ್ಕ ಸಂಘಗಳಿಗಿಲ್ಲ, ನಿಜ. ಪಡೆದವರನ್ನೇ ಕೇಳಲು ಅಂಥ ವೆಚ್ಚವೇನೂ ಬೇಕಿಲ್ಲ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಗ್ರಾಮದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರ್ಕಾರಿ ಕಾಮಗಾರಿಗಳ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಜನರೆದುರು ಗಟ್ಟಿಯಾಗಿ ಓದಿದರು. ಕಾಗದದಲ್ಲಿ ಸರಿಯಾಗಿದ್ದ ಲೆಕ್ಕದ ಸುಳ್ಳು ಊರವರ ಬಾಯಿಂದಲೇ ಬಯಲಾಯಿತು. ಆ ಚಳವಳಿ 2005ರ ಮಾಹಿತಿ ಹಕ್ಕು ಕಾಯಿದೆಗೆ ದಾರಿ ಮಾಡಿತು. ಸರ್ಕಾರದಿಂದ ಲೆಕ್ಕ ಕೇಳಿದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ನಮ್ಮ ಸಂಸ್ಥೆಯ ಲೆಕ್ಕ ಕೇಳಿದವನಿಗೆ ಮಾತ್ರ 'ಧರ್ಮಸಭೆಯ ವಿರೋಧಿ' ಎಂಬ ಬಿರುದು ಸಿದ್ಧವಾಗಿರುತ್ತದೆ.

ಆದಿ ಧರ್ಮಸಭೆ ಹೀಗೆ ನಡೆದುಕೊಳ್ಳಲಿಲ್ಲ. ದೈನಂದಿನ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷಿಕರು ಗೊಣಗಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿದೆ. ಹಂಚಿದ ರೊಟ್ಟಿಗಳ ಸಂಖ್ಯೆಯನ್ನು ತೋರಿಸಿ ಪ್ರೇಷಿತರು ಅವರ ಬಾಯಿ ಮುಚ್ಚಿಸಲಿಲ್ಲ. ಸಭೆ ಕರೆದರು, ಏಳು ಮಂದಿಯನ್ನು ಆರಿಸಲು ಸಮುದಾಯಕ್ಕೇ ಬಿಟ್ಟರು. ಆಯ್ಕೆಯಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೆಂಬುದನ್ನು ವಾಚಕರು ಗಮನಿಸಬೇಕು. ಜೆರುಸಲೇಮಿನ ಬಡವರಿಗಾಗಿ ಹಣ ಸಂಗ್ರಹಿಸಿದ ಸಂತ ಪೌಲರೂ ಅಪವಾದಕ್ಕೆ ಎಡೆಯಾಗದಂತೆ ತೀತನೊಡನೆ ಇತರರನ್ನೂ ಕಳುಹಿಸಿದರು.

ಭಕ್ತಾದಿಗಳ ಕಾಣಿಕೆಯ ಲೆಕ್ಕವನ್ನು ಭಕ್ತಾದಿಗಳಿಗೆ ಒಪ್ಪಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1287ನೆಯ ವಿಧಿ ಹೇಳುತ್ತದೆ. ಅಲ್ಲಿ ಮಾತು ಕೊಟ್ಟವರ ಕುರಿತಾದದ್ದು. ಪಡೆದವರಿಗೂ ಆ ಹಕ್ಕು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಕೊಟ್ಟವರು ಅಸಮಾಧಾನಗೊಂಡರೆ ಕೊಡುವುದನ್ನು ನಿಲ್ಲಿಸಬಲ್ಲರು. ಪಡೆದವರು ಬಾಯಿ ತೆರೆದರೆ ಮುಂದಿನ ಪಟ್ಟಿಯಿಂದ ಹೆಸರು ಹೋದೀತೆಂಬ ಭಯ. ಬಡವರ ಮೌನವನ್ನು ನಾವು ಎಷ್ಟೋ ಬಾರಿ ತೃಪ್ತಿಯೆಂದು ಬರೆದುಕೊಂಡಿದ್ದೇವೆ.

ಈ ವರ್ಷದ ವರದಿ ದಾನಿಗಳಿಗೆ ಹೋಗುವ ಮುನ್ನ ಒಂದು ಭಾನುವಾರ ದೇವಾಲಯದ ಅಂಗಳದಲ್ಲಿ ಅದನ್ನು ಜನರ ಭಾಷೆಯಲ್ಲಿ ಓದಿಸೋಣ. ಸಹಾಯ ಪಡೆದವರಲ್ಲಿ ಜಾತಿ, ಮತ ನೋಡದೆ ಎಲ್ಲರನ್ನೂ ಕರೆಯೋಣ. ಅಧ್ಯಕ್ಷತೆಯನ್ನು ಅವರಲ್ಲೇ ಒಬ್ಬರು ವಹಿಸಲಿ. ಧರ್ಮಗುರುಗಳಾದ ನಾವು ಅಷ್ಟು ಹೊತ್ತು ಗುರುಮನೆಯಲ್ಲೇ ಇದ್ದರೆ ಒಳಿತು. ನಾವು ಎದುರಿಗೆ ಕುಳಿತರೆ ಯಾರೂ ಬಾಯಿ ಬಿಡಲಾರರು.