ಕಿವಿ ಮಂದವಾದರೆ ರಕ್ತವನ್ನೂ ನೋಡಿಸಿ
45 ದಾಟಿದ ಹೆಂಗಸು ಎರಡು ಸಲ ‘ಏನಂದ್ರಿ?’ ಅಂದರೆ ಸಾಕು, ಮನೆಯವರು ‘ಕಿವುಡಿ’ ಅಂತ ನಗುತ್ತಾರೆ. ವಯಸ್ಸಾಯ್ತು ಬಿಡಿ ಅನ್ನುತ್ತಾರೆ. 45 ಒಂದು ವಯಸ್ಸೇ?

ಒಳಗಿವಿಗೆ ರಕ್ತ ಬರುವುದು ಒಂದೇ ಸಣ್ಣ ನಾಳದಿಂದ. ಅಮೆರಿಕದಲ್ಲಿ 3 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದವರಲ್ಲಿ ಕಿವಿ ಮಂದವಾದವರು ಹೆಚ್ಚು ಕಂಡರು. ಅದೇ ಕಾರಣವೆಂದು ಸಾಬೀತಾಗಿಲ್ಲ. ಮಾತ್ರೆ ನುಂಗಿದರೆ ಕಿವಿ ಮರಳುತ್ತದೆ ಎಂದೂ ಅಲ್ಲ.

ಆದರೂ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಬಸುರಿಯ ಹಿಮೋಗ್ಲೋಬಿನ್ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ, ಸಂತೋಷ. ಹೆರಿಗೆ ಕಾಲ ಮುಗಿದವಳ ರಕ್ತ ಯಾರಿಗೂ ಬೇಡವೇ? ಬೆರಳು ಚುಚ್ಚುವ ದಿನವೇ ‘ಕಿವಿ ಸರಿಯಾಗಿ ಕೇಳಿಸುತ್ತಾ ಅಕ್ಕಾ?’ ಅಂತಲೂ ಒಂದು ಮಾತು ವಿಚಾರಿಸಲಿ.